ಪ್ರವಾಸದಲ್ಲಿ ಮಕ್ಕಳನ್ನು ಅರ್ಧ ಗಂಟೆ ಸುಮ್ಮನೆ ಕೂರಿಸಿದ ಮೇಲೆ ಅವರಿಂದ ಏನಾದರೂ ಬರೆಸಲೇಬೇಕೇ?

ಹರಿಹರದ ಟೀಚರ್

ನೇರವಾಗಿ ಕೇಳಿಬಿಡುತ್ತೇನೆ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಕಾಡಿನಂಚಿನಲ್ಲಿ ಒಬ್ಬೊಬ್ಬರನ್ನೇ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿದರೆ, ಆಮೇಲೆ "ಏನನ್ನಿಸಿತು, ಒಂದು ಪುಟ ಬರೀರಿ" ಅನ್ನಲೇಬೇಕೇ? ಅನ್ನಬಾರದು ಅಂತ ನನ್ನ ಅಭಿಪ್ರಾಯ. ನಮ್ಮ ಸ್ಟಾಫ್‌ರೂಮಿನಲ್ಲಿ ಈ ಮಾತು ಯಾರಿಗೂ ಹಿಡಿಸಲಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನಾನು ಹೈಸ್ಕೂಲಿಗೆ ವಿಜ್ಞಾನ ತಗೊಳ್ಳುತ್ತೇನೆ. ಡಿಸೆಂಬರ್ ಕೊನೆಯಲ್ಲಿ ಒಂಬತ್ತನೇ ತರಗತಿಯವರನ್ನು ಮಲೆನಾಡಿಗೆ ಕರೆದೊಯ್ದಿದ್ದೆವು. ಸಕ್ರೆಬೈಲು, ತೀರ್ಥಹಳ್ಳಿ, ಕುಪ್ಪಳಿ, ಆಗುಂಬೆ, ಶೃಂಗೇರಿ, ಎಲ್ಲರೂ ಹೋಗುವ ದಾರಿಯೇ. ಹೊಸದಾಗಿ ಸೇರಿಸಿದ್ದು ಒಂದೇ ಒಂದು ಸಂಗತಿ. ಎರಡನೇ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ, ಉಳಿದುಕೊಂಡಿದ್ದ ಮನೆಯವರ ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಅಂಚಿನಲ್ಲಿ ಮಕ್ಕಳನ್ನು ಹತ್ತು ಹೆಜ್ಜೆಗೊಬ್ಬರಂತೆ ಕೂರಿಸಿದೆವು. ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಪೆನ್ನಿಲ್ಲ. ಮಾತಾಡುವುದು ಬೇಡ, ಎದ್ದು ಓಡಾಡುವುದು ಬೇಡ, ಇಷ್ಟೇ ಹೇಳಿದ್ದು.

ಮೊದಲು ಮುಸಿಮುಸಿ ನಗು, ಸುಳ್ಳು ಕೆಮ್ಮು, ಒಬ್ಬರಿಗೊಬ್ಬರು ಕಡ್ಡಿ ಎಸೆಯುವುದು ಎಲ್ಲಾ ಇತ್ತು. ಆಮೇಲೆ ತಾನಾಗಿಯೇ ತಣ್ಣಗಾಯಿತು. ನನಗೆ ಹತ್ತಿರ ಕೂತಿದ್ದ ಹುಡುಗಿಯ ಮುಖದ ಎದುರಿಗೇ ಒಂದು ಕೊಂಬೆ. ಅದರಲ್ಲಿ ಚಗಳಿ ಇರುವೆಗಳು ಗೂಡು ಕಟ್ಟುತ್ತಿದ್ದವು. ಒಂದಿಷ್ಟು ಇರುವೆ ಸಾಲಾಗಿ ನಿಂತು ಎರಡು ಎಲೆಗಳ ಅಂಚು ಕಚ್ಚಿ ಎಳೆದು ಹಿಡಿದಿವೆ, ಇನ್ನೊಂದು ಇರುವೆ ಬಾಯಲ್ಲಿ ಬಿಳಿ ಮರಿಹುಳ ಹಿಡಿದುಕೊಂಡು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತಿದೆ. ಮರಿಹುಳದ ಬಾಯಿಂದ ಬರುವ ರೇಷ್ಮೆ ಎಳೆಯೇ ಅವುಗಳ ಹೊಲಿಗೆ ದಾರ. ಆ ಹುಡುಗಿ ಕಣ್ಣು ಕೀಳದೆ ನೋಡುತ್ತಿದ್ದಳು. ತರಗತಿಯಲ್ಲಿ ಐದು ನಿಮಿಷ ಒಂದು ಕಡೆ ಕೂರುವವಳಲ್ಲ.

ಊರಿಗೆ ಬಂದ ಮೇಲೆ ಎಲ್ಲರಿಂದ "ನನ್ನ ಅನುಭವ" ಬರೆಸಿ ಎಫ್‌ಎ (ಅಂಕ ಕೊಡುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಫೈಲ್ ಮಾಡಬೇಕು ಅಂತ ಸೂಚನೆ ಬಂತು. ಬರೆದರು. "ಪ್ರಕೃತಿಯ ಮಡಿಲಲ್ಲಿ ಮನಸ್ಸಿಗೆ ನೆಮ್ಮದಿ ಸಿಕ್ಕಿತು, ನಾವು ಪರಿಸರವನ್ನು ಉಳಿಸಬೇಕು." ಹೆಚ್ಚುಕಡಿಮೆ ಎಲ್ಲರದೂ ಇದೇ ವಾಕ್ಯ. ಇರುವೆ ನೋಡಿದ ಹುಡುಗಿಯದೂ ಅದೇ. ಅವಳ ಹಾಳೆಯಲ್ಲಿ ಇರುವೆಯ ಸುದ್ದಿಯೇ ಇಲ್ಲ. ಅಂಕ ಬರುವುದು ಯಾವ ವಾಕ್ಯಕ್ಕೆ ಅಂತ ಅವಳಿಗೆ ಗೊತ್ತು.

ನಿಮ್ಮ ಶಾಲೆಗಳಲ್ಲಿ ಹೇಗೆ ಮಾಡುತ್ತೀರಿ?

ತುಮಕೂರು ಜಿಲ್ಲೆಯ ಎಚ್‌ಎಂ

ಮೇಡಂ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ನನ್ನ ಕುರ್ಚಿಯಲ್ಲಿ ಕೂತು ಒಮ್ಮೆ ಯೋಚಿಸಿ. ಪ್ರವಾಸಕ್ಕೆ ಇಲಾಖೆಯ ಅನುಮತಿ ತರುವವನು ನಾನು, ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಉತ್ತರ ಕೊಡುವವನು ನಾನು. ಕೂಲಿ ಮಾಡಿ ದುಡ್ಡು ಹೊಂದಿಸಿ ಕಳಿಸಿದ ತಂದೆತಾಯಿ "ಮಕ್ಕಳು ಏನು ಕಲಿತು ಬಂದರು" ಅಂದಾಗ "ಅರ್ಧ ಗಂಟೆ ಸುಮ್ಮನೆ ಕೂತು ಬಂದರು" ಅಂತ ಹೇಗೆ ಹೇಳಲಿ? ಒಂದು ಪುಟ ಬರಹ ಇದ್ದರೆ ತೋರಿಸಲಿಕ್ಕೊಂದು ದಾಖಲೆ ಆಗುತ್ತದೆ.

ಇನ್ನೊಂದು ಮಾತು. ಬರೆಯುವುದೂ ಕಲಿಕೆಯೇ ಅಲ್ಲವೇ? ಕಂಡದ್ದನ್ನು ಮಾತಿಗೆ ತರಲು ಬಾರದಿದ್ದರೆ ಕಂಡು ಏನು ಪ್ರಯೋಜನ? ಎಲ್ಲರೂ ಒಂದೇ ವಾಕ್ಯ ಬರೆದರೆ ಅದು ನಾವು ಬರವಣಿಗೆ ಕಲಿಸುವ ರೀತಿಯ ದೋಷ. ಅದಕ್ಕಾಗಿ ಬರೆಸುವುದನ್ನೇ ಬಿಡಬೇಕು ಅಂತ ನನಗನ್ನಿಸುವುದಿಲ್ಲ.

ಕುಷ್ಟಗಿ ಮಾಸ್ತರ್

ನಾ ಬ್ಯಾರೇನ ಒಂದು ಮಾತು ಹೇಳ್ತೀನ್ರಿ. ನಮ್ಮ ಸಾಲಿ ಹುಡುಗ್ರೊಳಗ ಭಾಳ ಮಂದಿ ಕುರಿ ಕಾಯೋ ಮನಿತನದವ್ರು. ಐತವಾರ ಬಂದ್ರ, ಸೂಟಿ ಬಿಟ್ರ ಮುಂಜಾನಿಂದ ಸಂಜಿತನಕ ಅಡವ್ಯಾಗ ಒಬ್ಬೊಬ್ರ ಇರ್ತಾರ. ಸುಮ್ಮ ಕುಂದ್ರೂದು, ಗಾಳಿ ಕೇಳೂದು ಅವ್ರಿಗೆ ಹೊಸಾದಲ್ಲ. ಅವ್ರಿಗೆ ವರ್ಷಕ್ಕೊಮ್ಮೆ ಸಿಗೂದು ಗೆಳ್ಯಾರ ಜೋಡಿ ಬಸ್ಸಿನ್ಯಾಗ ಹಾಡ್ಕೋತ ಕುಣಕೋತ ಹೋಗೋ ಖುಷಿ. ಅದ್ರಾಗ ಅರ್ಧ ತಾಸು ಕಸಗೊಂಡು "ಬಾಯಿ ಮುಚ್ಚಿ ಕುಂದರ್ರಿ" ಅಂದ್ರ ಅವ್ರಿಗೆ ಅದು ಶಿಕ್ಷಾನ. ನಮ್ಮ ಸಾಲ್ಯಾಗ ಗದ್ಲ ಮಾಡಿದಾವ್ರಿಗೆ ಕೊಡೂದೂ ಅದ ಅಲ್ಲೇನ್ರಿ, ಬಾಯಿ ಮ್ಯಾಲ ಬಟ್ಟ ಇಟಗೊಂಡು ಕುಂದ್ರಸೂದು?

ಪ್ಯಾಟಿ ಹುಡುಗ್ರಿಗೆ ಬೇಕಾಗಿರೂದು ಹಳ್ಳಿ ಹುಡುಗ್ರಿಗೂ ಬೇಕಂತ ತಿಳೀಬ್ಯಾಡ್ರಿ. ನಮ್ಮ ಹುಡುಗ್ರನ್ನ ಅಡವಿಗೆ ಒಯ್ದ್ರ ನಾವ ಅವ್ರ ಹಿಂದ ಹೋಗಬೇಕು. ಯಾವ ಕಂಟಿಯೊಳಗ ಬುರ್ಲಿ ಹಕ್ಕಿ ಐತಿ, ತ್ವಾಳ ಯಾವ ದಾರಿ ಹಿಡಿತೈತಿ ಅಂತ ನನಗ ತೋರಿಸಿದವ್ರು ಅವ್ರ.

ಹರಿಹರದ ಟೀಚರ್

ಮಾಸ್ತರ್, ಬಾಯಿ ಮೇಲೆ ಬೆರಳಿಡಿಸುವುದರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾಲ್ಕನೇ ತರಗತಿಯಿಂದ ಮೌನವನ್ನು ಶಿಕ್ಷೆಯಾಗಿ ಕಂಡ ಮಕ್ಕಳಿಗೆ ಒಂಬತ್ತರಲ್ಲಿ ಅದನ್ನೇ ಉಡುಗೊರೆ ಅಂತ ಕೊಟ್ಟರೆ ಹೇಗೆ ನಂಬಿಯಾರು? ನನ್ನ ಗುಂಪಿನಲ್ಲೂ ಬೆಳಿಗ್ಗೆ ಹಾಲು ಕರೆದು, ಸಗಣಿ ಬಾಚಿ ಶಾಲೆಗೆ ಬರುವವರಿದ್ದಾರೆ. ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಕುರಿ ಕಾಯುವ ಹುಡುಗ ಅಡವಿಯಲ್ಲಿದ್ದರೂ ಕೆಲಸದ ಮೇಲಿರುತ್ತಾನೆ. ಒಂದು ಮರಿ ತಪ್ಪಿದರೆ ಬೈಸಿಕೊಳ್ಳುವವನು ಅವನೇ. ಯಾರ ಕೆಲಸವೂ ಇಲ್ಲದ ಅರ್ಧ ಗಂಟೆ ಅವನಿಗೂ ಸಿಗುವುದು ಅಪರೂಪ ಅಲ್ಲವೇ?

ಬಸ್ಸಿನ ಹಾಡು ಕುಣಿತಕ್ಕೆ ನಾವು ಕೈ ಹಚ್ಚಲಿಲ್ಲ. ಹೋಗುವಾಗಲೂ ಬರುವಾಗಲೂ ಕುಣಿದದ್ದೇ ಕುಣಿದದ್ದು.

ಕೊಪ್ಪದ ತೋಟದವರು

ಬರೆಸಬೇಕೋ ಬೇಡವೋ ನೀವು ಮೇಷ್ಟ್ರುಗಳು ತೀರ್ಮಾನ ಮಾಡಿ. ನಾನು ನಮ್ಮೂರ ಕಡೆಯವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಡಿಸೆಂಬರ್ ಕೊನೆಗೆ ಸೊಪ್ಪಿನಬೆಟ್ಟದಲ್ಲಿ ತರಗೆಲೆ ಮೇಲೆ ಮಕ್ಕಳನ್ನು ಕೂರಿಸಿದ್ದೀರಿ ಅಂತ ಓದಿ ಎದೆ ಝಲ್ಲೆಂದಿತು. ಮಂಗನ ಕಾಯಿಲೆಯ ಕಾಲ ಮಾರಾಯ್ರೆ ಅದು.

ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಸನೂರು ಕಾಡಿನ ಕಾಯಿಲೆ ಅಂತಲೂ ಕರೆಯುತ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದಾಗ ಮೊದಲು ಗೊತ್ತಾದದ್ದು. ವೈರಸ್ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಮಳೆ ನಿಂತು ಎಲೆ ಉದುರುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಉಣುಗಿನ ಮರಿಗಳು ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಇರುತ್ತವೆ. ಡಿಸೆಂಬರಿನಿಂದ ಮೇ ತನಕ ಹೆಚ್ಚು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು. ನಮ್ಮ ಕಡೆ ಪ್ರಾಣ ಹೋದವರಿದ್ದಾರೆ. ಅಷ್ಟು ಹೊತ್ತಿಗೆ ನಿಮ್ಮ ಮಕ್ಕಳು ಹರಿಹರದಲ್ಲಿರುತ್ತಾರೆ, ಅಲ್ಲಿನ ಡಾಕ್ಟರಿಗೆ ಇದು ಹೊಳೆಯುವುದೂ ಕಷ್ಟ.

ಬರಲೇಬೇಡಿ ಅಂತಲ್ಲ. ಬರುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಿ, ಸುತ್ತಮುತ್ತ ಮಂಗ ಸತ್ತ ವರದಿ ಇದೆಯಾ ಕೇಳಿ. ಇದ್ದರೆ ಕಾಡಿನಂಚೂ ಬೇಡ. ಇಲ್ಲದಿದ್ದರೂ ನೆಲದ ಮೇಲೆ ಕೂರಿಸಬೇಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಇರುತ್ತದೆ, ಕೈಕಾಲಿಗೆ ಹಚ್ಚಿಸಿ. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿಸಿ. ವಾಪಸ್ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ. ಊರಿಗೆ ಹೋದ ಮೇಲೆ ಯಾರಿಗಾದರೂ ಜ್ವರ ಬಂದರೆ "ಮಲೆನಾಡಿಗೆ ಹೋಗಿದ್ದೆವು" ಅಂತ ಡಾಕ್ಟರಿಗೆ ಮೊದಲು ಹೇಳಬೇಕು ಅಂತ ತಂದೆತಾಯಿಗೆ ತಿಳಿಸಿಡಿ.

ಮಳೆಗಾಲ ಮುಗಿದ ಕೂಡಲೇ, ಅಕ್ಟೋಬರ್ ಹೊತ್ತಿಗೆ ಬನ್ನಿ. ಹಳ್ಳ ತುಂಬಿರುತ್ತದೆ, ಹಸಿರಿರುತ್ತದೆ. ಇಂಬಳ (ಜಿಗಣೆ) ಒಂದಿಷ್ಟು ಹತ್ತುತ್ತವೆ ನಿಜ, ಆದರೆ ಇಂಬಳದಿಂದ ಈ ಕಾಯಿಲೆ ಬರುವುದಿಲ್ಲ.

ಹರಿಹರದ ಟೀಚರ್

ತುಂಬಾ ಉಪಕಾರವಾಯಿತು ಸರ್. ಮಕ್ಕಳು ಕೂತದ್ದು ತೋಟದ ಕಲ್ಲು ಪಾಗಾರದ ಮೇಲೆ, ಮನೆಯವರೇ ಹಾಗೆ ಹೇಳಿದ್ದರು, ಎಣ್ಣೆಯನ್ನೂ ಕೊಟ್ಟಿದ್ದರು. ಯಾಕೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಈಗ. ಜ್ವರದ ವಿಷಯ ಎಲ್ಲಾ ಪೋಷಕರಿಗೂ ಹೋಗುವಂತೆ ಪತ್ರದಲ್ಲೇ ಹಾಕಿಸುತ್ತೇನೆ.

ಕೋಲಾರದ ಒಬ್ಬ ಅಪ್ಪ

2024ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಅವತ್ತಿನಿಂದ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗುತ್ತದೆ. "ಒಬ್ಬೊಬ್ಬರನ್ನೇ ಕೂರಿಸುತ್ತೇವೆ" ಅಂದರೆ ಯಾರ ಕಣ್ಣಳತೆಯಲ್ಲಿ? ಎಷ್ಟು ಮಕ್ಕಳಿಗೆ ಎಷ್ಟು ಜನ ಟೀಚರ್? ನೀರಿನಿಂದ ಎಷ್ಟು ದೂರ? ನೀವು ಮೌನದ ಬಗ್ಗೆ ಮಾತಾಡುವ ಮೊದಲು ಇದನ್ನು ಹೇಳಿ.

ಮೆಲ್ಬರ್ನ್ ಕನ್ನಡಿಗ

ಅಪ್ಪನಾಗಿ ನಿಮ್ಮ ಪ್ರಶ್ನೆ ನನ್ನದೂ ಆಗಿತ್ತು ಸರ್. ಇಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕ್ಯಾಂಪಿಗೆ ಕರೆದೊಯ್ಯುವುದು ಸಾಮಾನ್ಯ. ಅದರಲ್ಲಿ "ಸೋಲೋ" ಅಂತ ಒಂದು ಭಾಗ, ಅಂದರೆ ಸ್ವಲ್ಪ ಹೊತ್ತು ಒಬ್ಬರೇ ಇರುವುದು. 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಕರ್ಟ್ ಹಾನ್ ಮತ್ತವರ ಜೊತೆಗಾರರು ಶುರುಮಾಡಿದ ಔಟ್‌ವರ್ಡ್ ಬೌಂಡ್ ಸಂಸ್ಥೆಯ ಶಿಬಿರಗಳಲ್ಲಿ ಈ ಸೋಲೋ ಮುಖ್ಯ ಅಂಗ. ಈಗ ಜಗತ್ತಿನ ಎಷ್ಟೋ ಶಾಲೆಗಳು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತವೆ.

ಮಗಳ ಶಾಲೆಯವರು ನಮ್ಮನ್ನು ಮೊದಲೇ ಕರೆಸಿ ಎಲ್ಲಾ ತೋರಿಸಿದರು. ಮಗು ಒಬ್ಬಳೇ ಕೂರುತ್ತಾಳೆ, ಆದರೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಟೀಚರ್ ಇರುತ್ತಾರೆ. ಪ್ರತಿ ಮಗುವಿನ ಕೊರಳಲ್ಲಿ ಒಂದು ಸೀಟಿ. ಒಂದು ಸಲ ಊದಿದರೆ "ನನಗೆ ಯಾರಾದರೂ ಬೇಕು", ಮೂರು ಸಲ ಊದಿದರೆ ಅಪಾಯ. ನೀರಿನ ಹತ್ತಿರ, ಬಂಡೆಯ ಅಂಚಿನ ಹತ್ತಿರ, ಒಣಕೊಂಬೆ ಇರುವ ಮರದ ಕೆಳಗೆ ಜಾಗ ಕೊಡುವುದೇ ಇಲ್ಲ. ಬೇಡ ಅಂದ ಮಗುವಿಗೆ ಒತ್ತಾಯ ಇಲ್ಲ, ಅವರು ಟೀಚರ್ ಪಕ್ಕದಲ್ಲೇ ಕೂರಬಹುದು.

ಬರೆಸುವ ವಿಷಯಕ್ಕೆ ಬಂದರೆ, ಒಂದು ನೋಟ್‌ಬುಕ್ ಕೊಟ್ಟಿದ್ದರು. ಬರೆದರೆ ಬರೆಯಬಹುದು, ಬಿಟ್ಟರೆ ಬಿಡಬಹುದು. ಯಾರೂ ಅದನ್ನು ವಾಪಸ್ ತಗೊಳ್ಳಲಿಲ್ಲ, ತೆರೆದು ನೋಡಲೂ ಇಲ್ಲ. ಮಗಳು ಮನೆಗೆ ಬಂದವಳು ಊಟದ ಬಗ್ಗೆ, ಗೆಳತಿಯ ಹರಿದ ಬೂಟಿನ ಬಗ್ಗೆ ಹೇಳಿದಳೇ ಹೊರತು ಸೋಲೋ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಷ್ಟೋ ತಿಂಗಳಾದ ಮೇಲೆ, ನಮ್ಮ ಅಮ್ಮ ಊರಲ್ಲಿ ಹೋಗಿಬಿಟ್ಟ ಸುದ್ದಿ ಬಂದ ರಾತ್ರಿ, "ಅವತ್ತು ಅಲ್ಲಿ ಕೂತು ನಾನು ಅಜ್ಜಿಯನ್ನೇ ನೆನೆಸಿಕೊಳ್ಳುತ್ತಿದ್ದೆ ಅಪ್ಪ" ಅಂದಳು. ಅವತ್ತೇ ಅವಳಿಂದ ಒಂದು ಪುಟ ಬರೆಸಿಕೊಂಡಿದ್ದರೆ ಅದರಲ್ಲಿ ಅಜ್ಜಿ ಇರುತ್ತಿದ್ದರು ಅಂತ ನನಗನ್ನಿಸುವುದಿಲ್ಲ.

ಬಿಎಸ್ಸಿ ಎರಡನೇ ವರ್ಷ

ನಾನಿಲ್ಲಿ ಬರೀ ಓದುವವಳು. ಆದರೆ ಇದಕ್ಕೆ ಬರೆಯಬೇಕು ಅನ್ನಿಸಿತು.

ಹೈಸ್ಕೂಲಿನಲ್ಲಿ ನಮ್ಮ ಸೋಷಿಯಲ್ ಸರ್ ದೇವರಾಯನದುರ್ಗದಲ್ಲಿ ಹೀಗೇ ಕೂರಿಸಿದ್ದರು. ಆಗ ಮನೆಯಲ್ಲಿ ಪರಿಸ್ಥಿತಿ ಸರಿ ಇರಲಿಲ್ಲ. ಮನೆಯಲ್ಲಿ ಅಳುವ ಹಾಗಿಲ್ಲ, ಅಮ್ಮನಿಗೆ ಇನ್ನೂ ಕಷ್ಟ ಆಗುತ್ತೆ. ಹಾಸ್ಟೆಲಲ್ಲಿ ಅಳುವ ಹಾಗಿಲ್ಲ, ಎಲ್ಲರೂ ನೋಡ್ತಾರೆ. ಆ ಬಂಡೆ ಮೇಲೆ ಬೆನ್ನು ತಿರುಗಿಸಿ ಕೂತು ಅತ್ತುಬಿಟ್ಟೆ. ಸರ್ ನೋಡಿದರು, ನನಗೆ ಗೊತ್ತು. ಹತ್ತಿರ ಬರಲಿಲ್ಲ. ಟೈಮ್ ಆದಾಗ ಎಲ್ಲರನ್ನೂ ಕರೆದರು, ಚಿತ್ರಾನ್ನ ತಿಂದ್ವಿ, ಬಸ್ ಹತ್ತಿದ್ವಿ. ಏನೂ ಕೇಳಲಿಲ್ಲ, ಏನೂ ಬರೆಸಲಿಲ್ಲ.

ಬರೆಸಿದ್ದರೆ ನಾನೂ "ಪ್ರಕೃತಿಯ ಮಡಿಲು" ಅಂತಲೇ ಬರೆಯುತ್ತಿದ್ದೆ. ಆಮೇಲೆ ನನಗೆ ಆ ಜಾಗ ನೆನಪಾದಾಗಲೆಲ್ಲ ನಾನು ಬರೆದ ಸುಳ್ಳೂ ನೆನಪಾಗುತ್ತಿತ್ತು.

ಮೈಸೂರಿನ ಆಪ್ತ ಸಮಾಲೋಚಕಿ

ತಂಗಿ, ಇದನ್ನು ಹಂಚಿಕೊಂಡದ್ದಕ್ಕೆ ಧನ್ಯವಾದ. ನಿಮ್ಮ ಸರ್ ದೂರ ನಿಂತದ್ದು ನಿಮಗೆ ಬೇಕಾಗಿತ್ತು. ಆದರೆ ಇಲ್ಲಿರುವ ಶಿಕ್ಷಕರಿಗೆ ಒಂದು ಮಾತು ಸೇರಿಸುತ್ತೇನೆ. ಸುಮ್ಮನೆ ಕೂತಾಗ ಮಕ್ಕಳ ಮನಸ್ಸಿನಲ್ಲಿ ಮೇಲೆ ಬರುವುದೆಲ್ಲ ಹಿತವಾದದ್ದೇ ಆಗಿರುವುದಿಲ್ಲ. ಅವತ್ತು ಕೇಳದಿದ್ದರೂ ಪರವಾಗಿಲ್ಲ. ಆದರೆ ಆ ಮಗು ಯಾರು ಅನ್ನುವುದು ನೆನಪಿರಲಿ. ಒಂದು ವಾರ ಬಿಟ್ಟು, ಬೇರೆ ಯಾರೂ ಇಲ್ಲದಾಗ, "ಚೆನ್ನಾಗಿದ್ದೀಯೇನಮ್ಮ" ಅಂತ ಕೇಳಿ. ಹೇಳಬೇಕು ಅನ್ನಿಸಿದರೆ ಹೇಳುತ್ತದೆ. ಎಲ್ಲರೆದುರು ವೃತ್ತಾಕಾರದಲ್ಲಿ ಕೂರಿಸಿ "ಒಬ್ಬೊಬ್ಬರಾಗಿ ಹಂಚಿಕೊಳ್ಳಿ" ಅನ್ನುವುದಂತೂ ದಯವಿಟ್ಟು ಬೇಡ. ಶಿಬಿರಗಳಲ್ಲಿ ಅದು ಈಗ ರೂಢಿಯಾಗಿಬಿಟ್ಟಿದೆ.

ಎಚ್‌ಎಂ ಸರ್ ಕೇಳಿದ "ಏನು ಕಲಿತರು" ಅನ್ನುವುದಕ್ಕೆ ನನ್ನ ಕ್ಷೇತ್ರದಿಂದ ಸ್ವಲ್ಪ ಹೇಳಬಹುದು. ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1980ರ ದಶಕದಲ್ಲಿ ಮುಂದಿಟ್ಟ ಒಂದು ವಿಚಾರವಿದೆ. ನಾವು ಬಲವಂತವಾಗಿ ಒಂದರ ಮೇಲೆ ಗಮನ ಇಟ್ಟಾಗ, ಅಂದರೆ ಪಾಠ ಕೇಳುವಾಗ, ಲೆಕ್ಕ ಮಾಡುವಾಗ, ಆ ಶಕ್ತಿ ದಣಿಯುತ್ತದೆ. ಎಲೆ ಅಲ್ಲಾಡುವುದು, ಮೋಡ ಸರಿಯುವುದು, ನೀರು ಹರಿಯುವುದು ನಮ್ಮ ಗಮನವನ್ನು ಶ್ರಮವಿಲ್ಲದೆ ಹಿಡಿದುಕೊಳ್ಳುತ್ತವೆ, ಆ ಹೊತ್ತಿನಲ್ಲಿ ದಣಿದದ್ದು ಸುಧಾರಿಸಿಕೊಳ್ಳುತ್ತದೆ. ಈಗ ಯೋಚಿಸಿ. "ಆಮೇಲೆ ಒಂದು ಪುಟ ಬರೆಯಬೇಕು" ಅಂತ ಮೊದಲೇ ಹೇಳಿ ಕೂರಿಸಿದರೆ ಮಗು ಇರುವೆ ನೋಡುವುದಿಲ್ಲ, ವಾಕ್ಯ ಹುಡುಕುತ್ತದೆ. ದಣಿದ ಶಕ್ತಿಯನ್ನೇ ಮತ್ತೆ ದುಡಿಸಿದ ಹಾಗಾಯಿತು. ಹರಿಹರದ ಮೇಡಂ ಮಾತಿಗೆ ನನ್ನ ಒಪ್ಪಿಗೆ ಇರುವುದು ಈ ಕಾರಣಕ್ಕೆ.

ಮೊದಲ ಐದು ನಿಮಿಷದ ಕಿಸಿಕಿಸಿಗೆ ಬೈಯಬೇಡಿ. ದೊಡ್ಡವರಿಗೂ ಇದು ಸುಲಭವಲ್ಲ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬರೇ ಕೂರಿಸಿದ್ದರು. ಬೇಕಾದರೆ ಗುಂಡಿ ಒತ್ತಿ ತಾವೇ ಕರೆಂಟ್ ಶಾಕ್ ಹೊಡೆಸಿಕೊಳ್ಳಬಹುದಿತ್ತು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಒತ್ತಿಯೇಬಿಟ್ಟರು. ಸುಮ್ಮನೆ ಕೂರಲಾಗದ ಹದಿನಾಲ್ಕರ ಹುಡುಗನನ್ನು ಅಶಿಸ್ತು ಅಂತ ಕರೆಯುವ ಮೊದಲು ಇದು ನೆನಪಿರಲಿ.

ಚಿಂತಾಮಣಿ

ನಮ್ಮೂರಿಂದ ಮದನಪಲ್ಲಿ ಹತ್ತಿರ. ಅಲ್ಲಿನ ರಿಷಿ ವ್ಯಾಲಿ ಶಾಲೆಯಲ್ಲಿ ಸಂಜೆ ಮಕ್ಕಳು, ಶಿಕ್ಷಕರು ಜೊತೆಯಾಗಿ ಕೂತು ಮಾತಿಲ್ಲದೆ ಸೂರ್ಯ ಮುಳುಗುವುದನ್ನು ನೋಡುವ ರೂಢಿ ಇದೆ, ಅಸ್ತಾಚಲ ಅಂತ ಅದರ ಹೆಸರು. ಜೆ. ಕೃಷ್ಣಮೂರ್ತಿ ಕಟ್ಟಿದ ಶಾಲೆ ಅದು. ಅಲ್ಲಿ ಇದು ಪ್ರವಾಸದ ಕಾರ್ಯಕ್ರಮ ಅಲ್ಲ, ದಿನಚರಿಯ ಭಾಗ. ಟೀಚರೂ ಮಕ್ಕಳ ಜೊತೆ ಸುಮ್ಮನೆ ಕೂರುತ್ತಾರೆ ಅನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ. ನಮ್ಮಲ್ಲಿ ಮಕ್ಕಳನ್ನು ಕೂರಿಸಿ ಮೇಷ್ಟ್ರುಗಳು ಆ ಕಡೆ ಕಾಫಿ ಕುಡಿಯುತ್ತ ಹರಟುತ್ತಿದ್ದರೆ ಮಕ್ಕಳಿಗೆ ಅರ್ಥವಾಗುವುದಿಲ್ಲವೇ?

ತುಮಕೂರು ಜಿಲ್ಲೆಯ ಎಚ್‌ಎಂ

ಎಲ್ಲರ ಬರಹ ಎರಡೆರಡು ಸಲ ಓದಿದೆ. ಆ ವಿದ್ಯಾರ್ಥಿನಿ ಬರೆದದ್ದನ್ನು ನಮ್ಮ ಶಿಕ್ಷಕರಿಗೂ ಓದಿ ಹೇಳಿದೆ. ಕೂತದ್ದರ ಬಗ್ಗೆ ಬರೆಸುವುದು ಬೇಡ ಅನ್ನುವುದನ್ನು ಒಪ್ಪುತ್ತೇನೆ. ಆದರೆ ದಾಖಲೆ ನನಗೆ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಹೀಗೆ ಮಾಡಬಹುದು: ಎಫ್‌ಎಗೆ ಸಕ್ರೆಬೈಲಿನ ಆನೆ ಬಿಡಾರದ್ದೋ, ಕುಪ್ಪಳಿಯದ್ದೋ ವರದಿ ಬರೆಸೋಣ. ಅದು ಎಲ್ಲರೂ ಸೇರಿ ಕಂಡದ್ದು, ಬರೆದರೆ ಯಾರ ಒಳಗನ್ನೂ ಕೆದಕಿದ ಹಾಗಾಗುವುದಿಲ್ಲ. ಈ ಅರ್ಧ ಗಂಟೆಯನ್ನು ಕಾರ್ಯಕ್ರಮ ಪಟ್ಟಿಯಲ್ಲಿ "ವಿಶ್ರಾಂತಿ" ಅಂತ ಹಾಕಿದರೆ ಆಯಿತು.

ಇನ್ನೊಂದು, ಇದಕ್ಕೆ ಮಲೆನಾಡೇ ಆಗಬೇಕಿಲ್ಲ. ನಮ್ಮ ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗದ ಹುಲ್ಲುಗಾವಲಿದೆ. ಬಟಾಬಯಲು, ಹಾಗಾಗಿ ಯಾವ ಮಗು ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ, ಕೋಲಾರದ ಅಪ್ಪ ಕೇಳಿದ ಪ್ರಶ್ನೆಗೂ ಉತ್ತರವಾಗುತ್ತದೆ. ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಬೇಕು.

ಕುಷ್ಟಗಿ ಮಾಸ್ತರ್

ಎಚ್‌ಎಂ ಸರ್, ಇದು ಛಲೋ ಆತು ನೋಡ್ರಿ. ಬಯಲು ಸೀಮಿ ಹುಡುಗ್ರಿಗೆ ಅಡವಿ ಅಂದ್ರ ಬರೇ ದಟ್ಟ ಕಾಡು ಅಂತ ಕಲಿಸಿಬಿಟ್ಟೀವಿ. ಹರಿಹರದ ಬಾಯಾರು "ಯಾರ ಕೆಲಸಾನೂ ಇಲ್ಲದ ಅರ್ಧ ತಾಸು" ಅಂದ್ರಲ್ರಿ, ಅದು ನನ್ನ ತಲ್ಯಾಗ ಕುಂತೈತಿ. ನಮ್ಮ ಹುಡುಗ್ರನ್ನ ಕೇಳಿ ನೋಡ್ತೀನಿ. ಅವ್ರ ಬ್ಯಾಡಂದ್ರ ಮಾತ್ರ ನಾ ಒತ್ತಾಯ ಮಾಡಂಗಿಲ್ಲ.

ಕೋಲಾರದ ಒಬ್ಬ ಅಪ್ಪ

ಸೀಟಿ, ಕಣ್ಣಳತೆ, ನೀರಿನಿಂದ ದೂರ. ಈ ಮೂರು ಒಪ್ಪಿಗೆ ಪತ್ರದಲ್ಲೇ ಬರೆದಿದ್ದರೆ ನಾನು ಸಹಿ ಹಾಕುತ್ತೇನೆ.

ಹರಿಹರದ ಟೀಚರ್

ಬರೆಯುತ್ತೇವೆ ಸರ್. ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಒಂದು ಸಲಕ್ಕೆ ಕೂರಿಸುವುದಿಲ್ಲ, ಉಳಿದವರು ಆಗ ಮನೆಯಂಗಳದಲ್ಲಿ ಆಟ ಆಡಿಕೊಂಡಿರಲಿ. ಟೀಚರ್‌ಗಳೂ ಕೂರುತ್ತಾರೆ, ಫೋನ್ ಚೀಲದಲ್ಲಿಟ್ಟು. ಬೇಡ ಅಂದವರು ನನ್ನ ಪಕ್ಕ. ಮುಂದಿನ ಸಲ ಅಕ್ಟೋಬರಿನಲ್ಲಿ, ದಸರಾ ರಜೆ ಮುಗಿದ ಮೇಲೆ. ಕುಪ್ಪಳಿಯ ಕವಿಶೈಲದಲ್ಲೂ ಕೂರಿಸಬೇಕು ಅಂತ ಆಸೆಯಿತ್ತು, ಕುವೆಂಪು ಸಂಜೆ ಹೋಗಿ ಕೂರುತ್ತಿದ್ದ ಬಂಡೆ ಅದು. ಆದರೆ ಹಗಲಿನಲ್ಲಿ ಬಸ್ಸಿನ ಮೇಲೆ ಬಸ್ಸು ಬರುತ್ತದೆ, ಸೆಲ್ಫಿ ಗದ್ದಲ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ ಇರುತ್ತಾರಾ, ಗೊತ್ತಿದ್ದವರು ಹೇಳಿ. ಇನ್ನು ಕೂರಲು ಏನು ತರಬೇಕು? ಪ್ಲಾಸ್ಟಿಕ್ ಶೀಟ್ ಬೇಡ ಅಂತಿದ್ದೇನೆ.

ಕೊಪ್ಪದ ತೋಟದವರು

ಬೆಳಿಗ್ಗೆ ಏಳರ ಹೊತ್ತಿಗೆ ಹೋಗಿ, ಬಸ್ಸುಗಳು ಬರುವುದು ಹತ್ತರ ಮೇಲೆ. ಕೂರಲು ಏನೂ ತರಬೇಡಿ. ಅಡಿಕೆ ಹಾಳೆ ನಮ್ಮಲ್ಲಿ ಬೇಕಾದಷ್ಟಿದೆ, ಹಿಂದಿನ ದಿನ ಒಣಗಿದವು ಆರಿಸಿ ಕೊಡವಿ ಇಡಿಸುತ್ತೇನೆ. ಇಪ್ಪತ್ತು ಸಾಕಾ, ಟೀಚರ್‌ಗಳಿಗೂ ಸೇರಿಸಿ ಇಪ್ಪತ್ತೈದು ಇಡಲಾ?